ಹತ್ತು ಮನೆಯ ಪಟ್ಟಿ

ಒಂದರಿಂದ ಇಪ್ಪತ್ತರವರೆಗೆ ಗಡಗಡ ಒಪ್ಪಿಸುವ ನಾಲ್ಕು ವರ್ಷದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಆರು ದೊಡ್ಡದಾ, ಎಂಟು ದೊಡ್ಡದಾ?’ ಎಂದು ಕೇಳಿ ನೋಡಿ. ಎಷ್ಟೋ ಮಕ್ಕಳು ಸುಮ್ಮನೆ ನಿಮ್ಮ ಮುಖ ನೋಡುತ್ತವೆ. ಕೆಲವು ‘ಆರು’ ಅನ್ನುತ್ತವೆ. ಇನ್ನು ಕೆಲವು, ನೀವು ಕೊನೆಗೆ ಯಾವುದನ್ನು ಹೇಳಿದಿರೋ ಅದನ್ನೇ ತಿರುಗಿ ಹೇಳುತ್ತವೆ. ದಾವಣಗೆರೆಯ ಶಿಶುವಿಹಾರಗಳಲ್ಲೋ ಹರಿಹರದ ಅಂಗನವಾಡಿಗಳಲ್ಲೋ ಚಿಕ್ಕ ಮಕ್ಕಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಇದು ಹೊಸದೇನಲ್ಲ. ಮಗುವಿಗೆ ಬಾಯಿಪಾಠ ಬಂದಿದೆ, ಸಂಖ್ಯೆ ಇನ್ನೂ ಬಂದಿಲ್ಲ. ಹೆತ್ತವರು ಮಾತ್ರ ಬಾಯಿಪಾಠ ಕೇಳಿ ಖುಷಿಯಾಗಿ, ‘ಮಿಸ್, ಇನ್ನು ನೂರರ ತನಕ ಕಲಿಸಿಬಿಡಿ’ ಎನ್ನುತ್ತಾರೆ.

ಬಾಯಿಗೆ ಬಂದ ಎಣಿಕೆ ತಿಳಿವಳಿಕೆಯಾಗುವುದು ಹೇಗೆ? ಈ ಪ್ರಶ್ನೆಗೆ ದೊಡ್ಡ ದೊಡ್ಡವರು ತಲೆ ಕೊಟ್ಟಿದ್ದಾರೆ. ಉತ್ತರದ ಒಂದು ಭಾಗ ಸಿಕ್ಕಿದ್ದು ಮಾತ್ರ ತೀರಾ ಸಣ್ಣದೊಂದು ವಸ್ತುವಿನಲ್ಲಿ, ರಟ್ಟಿನ ಮೇಲೆ ಸಾಲಾಗಿ ಬರೆದ ಹತ್ತು ಮನೆಗಳಲ್ಲಿ. ಅದು ಸಿಕ್ಕ ಬಗೆಯನ್ನು ಚಿಕ್ಕ ಮಕ್ಕಳಿಗೆ ಕಲಿಸುವ ಪ್ರತಿಯೊಬ್ಬರೂ ತಿಳಿದಿರಬೇಕು ಎಂಬುದು ನನ್ನ ಆಸೆ. ಏಕೆಂದರೆ ಆ ಆಟವನ್ನು ಕಾಸು ಖರ್ಚಿಲ್ಲದೆ ನಾಳೆ ಬೆಳಿಗ್ಗೆಯೇ ಮಾಡಿಕೊಳ್ಳಬಹುದು. ಹಾಗೆಯೇ, ಗೊತ್ತಿಲ್ಲದೆ ಆಡಿಸಿದರೆ ಅದರಿಂದ ಏನೂ ಪ್ರಯೋಜನವಾಗದಿರಲೂ ಬಹುದು.

ಮಕ್ಕಳಿಗೆ ಆಟವೇ ಪಾಠ ಎಂಬ ವಿಚಾರ ಹಳೆಯದು. ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಪುಟ್ಟ ಮಕ್ಕಳಿಗಾಗಿ ಶಾಲೆ ತೆರೆದು ಚೆಂಡು, ಮರದ ಘನ, ಸಿಲಿಂಡರುಗಳನ್ನು ಅವರ ಕೈಗೆ ಕೊಟ್ಟರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟರು. 1907ರಲ್ಲಿ ರೋಮ್‌ನ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸ್ಸರಿ, 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಅವರ ಸಾಧನಗಳಲ್ಲಿ ಹತ್ತು ಕೋಲುಗಳ ಒಂದು ಜೋಡಣೆ ಇದೆ. ಅತಿ ಚಿಕ್ಕದು 10 ಸೆಂಟಿಮೀಟರ್, ಅತಿ ಉದ್ದದ್ದು ಒಂದು ಮೀಟರ್. ಸಂಖ್ಯೆ ಬೆಳೆದರೆ ಉದ್ದವೂ ಬೆಳೆಯುತ್ತದೆ ಎಂದು ಕೈಯೇ ಹೇಳುವಂಥ ಏರ್ಪಾಡು ಅದು. ನಮ್ಮ ದೇಶದಲ್ಲಿ 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದ ಮೊದಲ ತಾಲ್ಲೂಕು ತಿ. ನರಸೀಪುರ. ಅಲ್ಲಿಂದ ಅದು ಊರೂರಿಗೆ ಹಬ್ಬಿತು. ಆಟ ಬೇಕು ಎಂದು ಇವರೆಲ್ಲ ಹೇಳಿದರು. ಯಾವ ಆಟದಿಂದ ಯಾವ ಕಲಿಕೆ ಬರುತ್ತದೆ, ಅದೇ ಆಟವನ್ನು ಚೂರು ಬದಲಿಸಿದರೆ ಯಾಕೆ ಬರುವುದಿಲ್ಲ ಎಂದು ಅಳೆದು ನೋಡುವ ಕೆಲಸ ಆಗಿದ್ದು ಬಹಳ ತಡವಾಗಿ.

ಅಳೆಯುವುದು ಸುಲಭವೂ ಅಲ್ಲ. ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಾಡಿದ ಒಂದು ಪರೀಕ್ಷೆಯನ್ನು ಯಾರು ಬೇಕಾದರೂ ಕಡಲೆಕಾಯಿ ಇಟ್ಟು ಮಾಡಬಹುದು. ಆರು ಕಾಯಿಗಳ ಎರಡು ಸಾಲನ್ನು ಎದುರುಬದುರಾಗಿ ಜೋಡಿಸಿ. ಎರಡೂ ಸಮ ಎಂದು ಮಗು ಒಪ್ಪುತ್ತದೆ. ಅದರ ಕಣ್ಣೆದುರೇ ಒಂದು ಸಾಲನ್ನು ಅಗಲಿಸಿ ಮತ್ತೆ ಕೇಳಿದರೆ ಉದ್ದ ಕಾಣುವ ಸಾಲಿನಲ್ಲೇ ಜಾಸ್ತಿ ಇದೆ ಎನ್ನುತ್ತದೆ. ಮಗುವಿಗೆ ಸಂಖ್ಯೆಯ ಅರಿವೇ ಇಲ್ಲ ಎಂದು ಬಹುಕಾಲ ಇದನ್ನು ಅರ್ಥ ಮಾಡಿಕೊಳ್ಳಲಾಗಿತ್ತು. 1974ರಲ್ಲಿ ಎಡಿನ್‌ಬರೊದ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಒಂದೇ ಒಂದು ಬದಲಾವಣೆ ಮಾಡಿದರು. ಸಾಲನ್ನು ದೊಡ್ಡವರು ಕೆಡಿಸಲಿಲ್ಲ, ಪೆಟ್ಟಿಗೆಯಿಂದ ಎದ್ದು ಬಂದ ‘ತುಂಟ ಕರಡಿ’ ಬೊಂಬೆ ಕೆಡಿಸಿತು. ಆಗ ‘ಎರಡೂ ಅಷ್ಟೇ ಇವೆ’ ಎಂದ ಮಕ್ಕಳ ಸಂಖ್ಯೆ ಬಹಳ ಹೆಚ್ಚಿತು. ಮೊದಲ ಪರೀಕ್ಷೆಯಲ್ಲಿ ದೊಡ್ಡವರು ಬೇಕೆಂದೇ ಸಾಲನ್ನು ಅಗಲಿಸಿ, ಕೇಳಿದ್ದನ್ನೇ ಮತ್ತೆ ಕೇಳಿದಾಗ, ಉತ್ತರ ಬದಲಿಸಬೇಕೇನೋ ಎಂದು ಮಗು ಊಹಿಸಿತ್ತು. ತರಗತಿಯಲ್ಲಿ ನಾನು ದಿನವೂ ನೆನಪಿಟ್ಟುಕೊಳ್ಳುವ ವಿಷಯ ಇದು. ‘ಮತ್ತೊಂದ್ ಸಲ ನೋಡು’ ಎಂದರೆ ಸಾಕು, ಸರಿ ಹೇಳಿದ ಮಗುವೂ ಉತ್ತರ ಬದಲಿಸುತ್ತದೆ. ಕಾಲುಚೀಲದಲ್ಲಿ ಒಂದು ಕೋತಿ ಹೊಲಿದಿಟ್ಟುಕೊಳ್ಳಿ. ಕೆಡಿಸುವ ಕೆಲಸವನ್ನೂ ತಪ್ಪಾಗಿ ಎಣಿಸುವ ಕೆಲಸವನ್ನೂ ಆ ಕೋತಿಗೆ ವಹಿಸಿದರೆ, ಅದನ್ನು ತಿದ್ದಲು ಇಡೀ ತರಗತಿ ಎದ್ದು ನಿಲ್ಲುತ್ತದೆ.

1978ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಚೆಲ್ ಗೆಲ್ಮನ್ ಮತ್ತು ರಾಂಡಿ ಗ್ಯಾಲಿಸ್ಟೆಲ್, ಎಣಿಕೆ ಎಂದರೆ ಏನೇನು ಎಂದು ಬಿಡಿಸಿ ಹೇಳಿದರು. ಒಂದು ವಸ್ತುವಿಗೆ ಒಂದೇ ಹೆಸರು, ಎರಡು ಸಲ ಎಣಿಸುವಂತಿಲ್ಲ. ಹೆಸರುಗಳ ಕ್ರಮ ಬದಲಾಗಬಾರದು. ಕೊನೆಗೆ ಹೇಳಿದ ಹೆಸರೇ ಒಟ್ಟು ಎಷ್ಟು ಎಂಬುದರ ಉತ್ತರ. ಇದನ್ನು ಓದುವಾಗ ನನಗೆ ಅಜ್ಜಿಯರ ಚೆನ್ನೆಮಣೆಯೇ ಕಣ್ಣ ಮುಂದೆ ಬರುತ್ತದೆ. ಹದಿನಾಲ್ಕು ಗುಳಿಗಳ ಆ ಮಣೆಯಲ್ಲಿ ಒಂದು ಗುಳಿಯ ಕಾಳನ್ನು ಬಾಚಿಕೊಂಡು, ಮುಂದಿನ ಒಂದೊಂದು ಗುಳಿಗೂ ಒಂದೊಂದೇ ಬಿಡುತ್ತಾ ಹೋಗಬೇಕು. ಒಂದು ಗುಳಿ ತಪ್ಪಿಸಿದರೆ, ಇಲ್ಲವೇ ಒಂದೇ ಗುಳಿಗೆ ಎರಡು ಬಿಟ್ಟರೆ ಎದುರಿಗೆ ಕೂತವರು ಕೈ ಹಿಡಿಯುತ್ತಾರೆ. ಒಂದಕ್ಕೆ ಒಂದು ಎಂಬ ಪಾಠವನ್ನು ಬೆರಳಿಗೇ ಕಲಿಸುವ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಆದರೆ ಆರಕ್ಕಿಂತ ಎಂಟು ಎಷ್ಟು ದೂರ ಎಂಬುದನ್ನು ಚೆನ್ನೆಮಣೆ ಹೇಳುವುದಿಲ್ಲ. ಕಾಳು ಸುತ್ತು ಹೊಡೆಯುತ್ತಲೇ ಇರುತ್ತದೆ.

ಆ ದೂರದ ಲೆಕ್ಕ ಹಿಡಿದು ಹೊರಟವರು ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ. ಅವರ ಪರೀಕ್ಷೆ ಸರಳ. ಕಾಗದದ ಮೇಲೆ ಒಂದು ಗೆರೆ. ಒಂದು ತುದಿಯಲ್ಲಿ ಸೊನ್ನೆ, ಇನ್ನೊಂದು ತುದಿಯಲ್ಲಿ ಹತ್ತು. ‘ನಾಲ್ಕು ಎಲ್ಲಿ ಬರುತ್ತೆ, ಗೀಟು ಹಾಕು’ ಎನ್ನಬೇಕು. ಅನುಕೂಲಸ್ಥರ ಮಕ್ಕಳ ಗೀಟು ಹೆಚ್ಚುಕಡಿಮೆ ಸರಿಯಾದ ಜಾಗಕ್ಕೇ ಬೀಳುತ್ತಿತ್ತು. ಹೆಡ್ ಸ್ಟಾರ್ಟ್ ಎಂಬ ಸರ್ಕಾರಿ ಕಾರ್ಯಕ್ರಮದ ಶಿಶುವಿಹಾರಗಳಿಗೆ ಬರುವ ಬಡವರ ಮಕ್ಕಳ ಗೀಟುಗಳಿಗೂ ಸಂಖ್ಯೆಗಳಿಗೂ ಸಂಬಂಧ ಬಹಳ ಕಡಿಮೆ ಇತ್ತು. ಶಾಲೆ ಸೇರುವ ಮೊದಲೇ ಈ ಅಂತರ ಬಿದ್ದಿದ್ದರೆ, ಅದು ಬಿದ್ದಿರುವುದು ಮನೆಯಲ್ಲೇ ಇರಬೇಕು. ಮನೆಯಲ್ಲಿ ಏನೇನು ಆಡುತ್ತೀರಿ ಎಂದು ಮಕ್ಕಳನ್ನೇ ಕೇಳಿದರು. ಹಾವು ಏಣಿಯಂಥ ಪಟದ ಆಟಗಳನ್ನು ಅನುಕೂಲಸ್ಥರ ಮಕ್ಕಳು ಹೆಚ್ಚು ಆಡಿದ್ದರು. ಬಡವರ ಮಕ್ಕಳಲ್ಲೂ ಅಂಥ ಆಟ ಆಡಿದವರು ಸಂಖ್ಯೆಯಲ್ಲಿ ಮುಂದಿದ್ದರು.

ಅನುಮಾನವನ್ನು ಪರೀಕ್ಷೆಗೆ ಒಡ್ಡಲು ಅವರು ಉದ್ದನೆಯ ಒಂದು ಪಟ್ಟಿ ಮಾಡಿದರು. ಅದರಲ್ಲಿ ಹತ್ತು ಮನೆ, ಎಡದಿಂದ ಬಲಕ್ಕೆ 1ರಿಂದ 10. ತಿರುಗುವ ಮುಳ್ಳಿನಲ್ಲಿ 1 ಮತ್ತು 2 ಮಾತ್ರ. ಮಗುವಿಗೊಂದು ಕಾಯಿ, ಆಡಿಸುವವರಿಗೊಂದು ಕಾಯಿ. ನಿಯಮ ಒಂದೇ: ಕಾಯಿ ನಡೆಸುವಾಗ ಮನೆಯ ಮೇಲಿರುವ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಬೇಕು. ಮೂರನೇ ಮನೆಯಲ್ಲಿದ್ದು ಎರಡು ಬಿದ್ದರೆ ‘ನಾಲ್ಕು, ಐದು’ ಎನ್ನಬೇಕು. ಇನ್ನೊಂದು ಗುಂಪಿನ ಮಕ್ಕಳಿಗೆ ಇದೇ ಪಟ್ಟಿ, ಇದೇ ಓಟ. ಆದರೆ ಮನೆಗಳಲ್ಲಿ ಸಂಖ್ಯೆಯ ಬದಲು ಬಣ್ಣ. ಅವರು ‘ನೀಲಿ, ಕೆಂಪು’ ಎನ್ನುತ್ತಾ ನಡೆಸಿದರು. ಎರಡು ವಾರದಲ್ಲಿ ಹದಿನೈದಿಪ್ಪತ್ತು ನಿಮಿಷದ ನಾಲ್ಕು ಬೈಠಕ್, ಅಷ್ಟೇ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 124 ಮಕ್ಕಳಿದ್ದರು. ಸಂಖ್ಯೆಯ ಪಟ್ಟಿ ಆಡಿದವರು ಎಣಿಕೆ, ಅಂಕಿ ಗುರುತಿಸುವುದು, ಯಾವುದು ದೊಡ್ಡದು ಎಂದು ಹೇಳುವುದು, ಗೆರೆಯ ಮೇಲೆ ಗೀಟು ಹಾಕುವುದು, ಈ ನಾಲ್ಕರಲ್ಲೂ ಮುಂದೆ ಬಂದರು. ಒಂಬತ್ತು ವಾರ ಬಿಟ್ಟು ನೋಡಿದಾಗಲೂ ಕಲಿತದ್ದು ಉಳಿದಿತ್ತು. ಬಣ್ಣದ ಪಟ್ಟಿ ಆಡಿದವರಿಗೆ ಆ ಲಾಭ ಸಿಗಲಿಲ್ಲ.

ಸೀಗ್ಲರ್ ಮತ್ತು ರಮಣಿ ಕೊಟ್ಟ ಕಾರಣವೂ ಅಷ್ಟೇ ಸರಳ. ಎಂಟನೇ ಮನೆ ತಲುಪಲು ಎರಡನೇ ಮನೆಗಿಂತ ಹೆಚ್ಚು ದೂರ ಹೋಗಬೇಕು, ಹೆಚ್ಚು ಸಲ ಕೈ ಆಡಿಸಬೇಕು, ಹೆಚ್ಚು ಸಂಖ್ಯೆ ಹೇಳಬೇಕು, ಹೆಚ್ಚು ಹೊತ್ತು ಬೇಕು. ಕಣ್ಣು, ಕೈ, ಬಾಯಿ, ಸಮಯ ಎಲ್ಲವೂ ಏಕಕಾಲಕ್ಕೆ ಒಂದೇ ಸಂಗತಿಯನ್ನು ಹೇಳುತ್ತವೆ.

ಈಗ ನಮ್ಮ ಪಟ್ಟಿ. ದಾವಣಗೆರೆಯಲ್ಲಿ ಲಗ್ನಪತ್ರಿಕೆಗೆ ಬರವಿಲ್ಲ. ದಪ್ಪ ಕಾಗದದ ಎರಡು ಪತ್ರಿಕೆಗಳನ್ನು ಬಿಡಿಸಿ, ಬರಹವಿಲ್ಲದ ಹಿಂಬದಿ ಮೇಲೆ ಬರುವಂತೆ ಉದ್ದಕ್ಕೆ ಅಂಟಿಸಿದರೆ ಒಂದೂವರೆ ಅಡಿ ಸಿಗುತ್ತದೆ. ಸ್ಕೇಲ್ ಇಟ್ಟು ಹತ್ತು ಸಮ ಮನೆ ಗೆರೆ ಹಾಕಿ. ಮನೆಗಳು ಸಮ ಇರಲೇಬೇಕು, ಚಂದಕ್ಕೆಂದು ಹಿಗ್ಗಿಸಿ ಕುಗ್ಗಿಸಿದರೆ ದೂರದ ಪಾಠವೇ ಕೆಡುತ್ತದೆ. ತಿರುಗುವ ಮುಳ್ಳಿನ ಜಾಗಕ್ಕೆ ಹುಣಸೆಬೀಜ ಇದೆ. ಎರಡು ಬೀಜ ತಗೊಂಡು ಒಂದು ಮಗ್ಗುಲನ್ನು ಒರಟು ಕಲ್ಲಿಗೆ ನೀರು ಹಾಕಿ ಉಜ್ಜಬೇಕು. ಮೊದಲು ಕಂದು ನೀರು ಇಳಿಯುತ್ತದೆ, ಬೆರಳ ತುದಿ ಬಿಸಿಯಾಗುತ್ತದೆ. ಆಮೇಲೆ ಒಳಗಿನ ಬಿಳುಪು ಮೊದಲು ಚುಕ್ಕೆಯಾಗಿ, ಬಳಿಕ ಇಡೀ ಮಗ್ಗುಲಿಗೆ ಹರಡುತ್ತದೆ. ಕವಡೆ ಸಿಗದವರು ಚೌಕಾಬಾರಕ್ಕೆ ಬೀಜ ಸಿದ್ಧ ಮಾಡುತ್ತಿದ್ದುದು ಹೀಗೆಯೇ. ಎರಡನ್ನೂ ಎಸೆದಾಗ ಒಂದು ಬಿಳಿ ಬಿದ್ದರೆ ಒಂದು ಮನೆ, ಎರಡೂ ಬಿಳಿಯಾದರೆ ಎರಡು ಮನೆ, ಎರಡೂ ಕಂದಾದರೆ ಮತ್ತೆ ಎಸೆ. ಪಿಟ್ಸ್‌ಬರ್ಗಿನ ಮುಳ್ಳು ಮಾಡುವ ಕೆಲಸವನ್ನು ಇವು ಮಾಡುತ್ತವೆ. ಕಾಯಿಗಳಿಗೆ ಹರಿಹರದಲ್ಲಿ ಒಬ್ಬ ತಂದೆ ಕೆಲಸದ ಕಡೆಯಿಂದ ದೊಡ್ಡ ವಾಷರುಗಳನ್ನು ತಂದುಕೊಟ್ಟರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳಿಂದ ಹೆಸರಾದ ಊರಿನಲ್ಲಿ ವಾಷರು ಸಿಗುವುದು ಕಷ್ಟವಲ್ಲ. ಅವು ಭಾರ ಇರುವುದರಿಂದ ಫ್ಯಾನ್ ಗಾಳಿಗೆ ಕದಲುವುದಿಲ್ಲ. ಬೀಜವನ್ನು ಮೂಗಿಗೆ ತೂರಿಸಿಕೊಳ್ಳುವ ವಯಸ್ಸಿನ ಮಕ್ಕಳು ಇರುವ ಕಡೆ ಮಾತ್ರ ಬೀಜ ಬೇಡ. ಒಂದು ಮಗ್ಗುಲಿಗೆ ಸುಣ್ಣ ಬಳಿದ ದೊಡ್ಡ ಮುಚ್ಚಳ ಸಾಕು.

ಆಟ ಶುರುವಾದ ಮೇಲೆ ಗಮನಿಸಬೇಕಾದ್ದು ಮಗುವಿನ ಬಾಯನ್ನು. ಮೂರನೇ ಮನೆಯಲ್ಲಿರುವ ಹುಡುಗಿ ಎರಡು ಬಿದ್ದ ಕೂಡಲೇ ‘ಒಂದು, ಎರಡು’ ಎಂದು ಹೇಳಿ ಐದಕ್ಕೆ ಕಾಯಿ ಇಡುತ್ತಾಳೆ. ಕಾಯಿ ಸರಿಯಾದ ಮನೆಗೇ ಬಂತು, ನಾವೂ ‘ಶಭಾಷ್’ ಅನ್ನಬಹುದು. 2014ರಲ್ಲಿ ಎಲಿಡಾ ಲಾಸ್ಕಿ ಮತ್ತು ಸೀಗ್ಲರ್ ಸರಿಯಾಗಿ ಈ ಜಾಗಕ್ಕೇ ಬೆರಳಿಟ್ಟರು. ನೂರು ಮನೆಯ ಪಟದಲ್ಲಿ ಒಂದು ಗುಂಪಿನ ಮಕ್ಕಳು ಮನೆಯಲ್ಲಿ ಬರೆದ ಸಂಖ್ಯೆ ಹೇಳುತ್ತಾ ನಡೆದರು, ಇನ್ನೊಂದು ಗುಂಪಿನವರು ಪ್ರತಿ ಸಲವೂ ಒಂದರಿಂದ ಎಣಿಸಿ ನಡೆದರು. ಪಟ ಒಂದೇ, ನಡೆದ ದೂರ ಒಂದೇ. ಸಂಖ್ಯೆಗಳ ಅಳತೆ ತಿಳಿದದ್ದು ಮೊದಲ ಗುಂಪಿಗೆ. ಅದಕ್ಕೂ ಮೊದಲು, 2009ರಲ್ಲಿ, ಸೀಗ್ಲರ್ ಮತ್ತು ರಮಣಿ ಅದೇ ಹತ್ತು ಮನೆಗಳನ್ನು ದುಂಡಗೆ ಜೋಡಿಸಿ ನೋಡಿದ್ದರು. ನೇರ ಪಟ್ಟಿ ಆಡಿದವರಿಗೆ ಆದ ಲಾಭ ದುಂಡು ಪಟ ಆಡಿದವರಿಗೆ ಆಗಲಿಲ್ಲ.

ಇವೆರಡನ್ನೂ ಓದಿದ ಮೇಲೆ ನಾನು ನಮ್ಮ ಚೌಕಾಬಾರವನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಇಪ್ಪತ್ತೈದು ಮನೆ, ಸುತ್ತು ಬಳಸಿ ಒಳಗೆ ಹೋಗುವ ದಾರಿ, ಮನೆಗಳಲ್ಲಿ ಅಂಕಿ ಇಲ್ಲ. ಮೂರು ಬಿದ್ದರೆ ಎಲ್ಲರೂ ಎಣಿಸುವುದು ‘ಒಂದು, ಎರಡು, ಮೂರು’ ಎಂದೇ. ಸಂಖ್ಯೆಗಳ ದೂರ ಕಲಿಸಲು ಅದು ಹೊಂದುವುದಿಲ್ಲ ಎಂಬುದು ನನ್ನ ತೀರ್ಮಾನ. ಹಾಗೆಂದು ಚೌಕಾಬಾರ ಕಡಿಮೆಯದಲ್ಲ. ಯಾವ ಕಾಯಿ ನಡೆಸಲಿ, ಯಾವುದನ್ನು ಕಟ್ಟೆಯಲ್ಲಿ ಕಾಪಾಡಲಿ ಎಂದು ಮುಂದಾಲೋಚನೆ ಮಾಡುವುದು, ಸರದಿ ಕಾಯುವುದು, ಕಾಯಿ ಹೊಡೆಸಿಕೊಂಡು ಮತ್ತೆ ಮೊದಲಿನಿಂದ ಹೊರಡುವುದು, ಇವೆಲ್ಲ ಅದರ ಪಾಠಗಳು. ಇಂಥ ಆಟಗಳ ಬಗ್ಗೆ ನಮ್ಮ ನಾಡಿನಲ್ಲಿ ಗಾಢವಾದ ಆಸ್ಥೆ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಪಟದ ಆಟಗಳನ್ನು ರೂಪಿಸಿದರು, ತಮ್ಮ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು. ಒಂದೊಂದು ಆಟಕ್ಕೂ ಒಂದೊಂದು ಕೆಲಸ ಇದೆ. ಅದನ್ನು ತಿಳಿದು ಆಡಿಸಿದರೆ ಹಳೆಯ ಆಟಕ್ಕೇ ಮರ್ಯಾದೆ. ಅಂಗಡಿಯ ಹಾವು ಏಣಿ ಪಟದಲ್ಲೂ ಒಂದು ತೊಡಕಿದೆ. ಹತ್ತಾದ ಮೇಲೆ ಸಾಲು ಮೇಲೆ ಹತ್ತಿ ಹಿಂದಕ್ಕೆ ತಿರುಗುತ್ತದೆ. ನಾಲ್ಕು ವರ್ಷದವರಿಗೆ ಅಲ್ಲಿ ದಿಕ್ಕು ತಪ್ಪುತ್ತದೆ.

ಯಾವ ಭಾಷೆಯಲ್ಲಿ ಎಣಿಸಬೇಕು ಎಂದು ಪಾಲಕರು ಕೇಳುತ್ತಾರೆ. ದಾವಣಗೆರೆಯ ಒಂದು ತರಗತಿಯಲ್ಲಿ ಕನ್ನಡ, ಉರ್ದು, ಲಂಬಾಣಿ, ತೆಲುಗು ಆಡುವ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಹೊರಗಿನ ಬೋರ್ಡು ಇಂಗ್ಲಿಷ್ ಮೀಡಿಯಂ. ಮೊದಲು ಮನೆಮಾತಿನಲ್ಲಿ ಆಡಲಿ ಎನ್ನುತ್ತೇನೆ. ‘ಚಾರ್, ಪಾಂಚ್’ ಎನ್ನುತ್ತಾ ಓಡುವ ಹುಡುಗನ ಪಕ್ಕ ‘ನಾಲ್ಕು, ಐದು’ ಎನ್ನುವವಳು ಕೂತರೆ, ಇಬ್ಬರೂ ಕೆಲವೇ ದಿನಗಳಲ್ಲಿ ಎರಡನ್ನೂ ಹೇಳುತ್ತಾರೆ. ಅಂಕಿ ಒಂದೇ, ಮನೆ ಒಂದೇ ಆಗಿರುವುದರಿಂದ ಅಲ್ಲಿ ಗೊಂದಲಕ್ಕೆ ಎಡೆಯಿಲ್ಲ.

ಆಟ ಆಡಿಸಿದರೆ ಗಣಿತ ತಾನಾಗಿ ಬಂದುಬಿಡುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ ಎಂಬುದನ್ನು ತೋರಿಸಿದ್ದು ನಮ್ಮ ದೇಶದ್ದೇ ಒಂದು ಪ್ರಯೋಗ. ಮೊಯಿರಾ ಡಿಲನ್, ಹರಿಣಿ ಕಣ್ಣನ್, ಜೋಶುವಾ ಡೀನ್, ಎಲಿಜಬೆತ್ ಸ್ಪೆಲ್ಕೆ ಮತ್ತು ಮುಂದೆ 2019ರಲ್ಲಿ ನೊಬೆಲ್ ಪಡೆದ ಎಸ್ತರ್ ಡುಫ್ಲೋ, ಪ್ರಥಮ್ ಸಂಸ್ಥೆ ದೆಹಲಿಯಲ್ಲಿ ನಡೆಸುತ್ತಿದ್ದ 214 ಶಿಶುವಿಹಾರಗಳ 1,540 ಮಕ್ಕಳೊಂದಿಗೆ ಇದನ್ನು ನಡೆಸಿದರು. ಒಂದು ಗುಂಪಿನ ಮಕ್ಕಳು ನಾಲ್ಕು ತಿಂಗಳು ಗಣಿತದ ಆಟ ಆಡಿದರು. ಯಾವ ಕಾರ್ಡಿನಲ್ಲಿ ಚುಕ್ಕೆ ಹೆಚ್ಚು, ಯಾವ ಆಕಾರ ಬೇರೆ ಎಂದು ಎಣಿಸದೆ ಊಹಿಸುವ ಆಟಗಳು ಅವು. ಫಲಿತಾಂಶ 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಊಹಿಸುವ ಶಕ್ತಿ ಬೆಳೆಯಿತು, ಒಂದು ವರ್ಷ ಕಳೆದರೂ ಉಳಿಯಿತು. ಆದರೆ ಅದೇ ಮಕ್ಕಳು ಒಂದನೇ ತರಗತಿಗೆ ಹೋದಾಗ ಅಂಕಿ ಬರೆದು ಮಾಡುವ ಲೆಕ್ಕದಲ್ಲಿ ಇತರರಿಗಿಂತ ಮುಂದೆ ಇರಲಿಲ್ಲ. 2025ರಲ್ಲಿ ‘ನೇಚರ್’ನಲ್ಲಿ ಬಂದ ಇನ್ನೊಂದು ಅಧ್ಯಯನ ಇಂಥದ್ದನ್ನೇ ದೊಡ್ಡ ಮಕ್ಕಳಲ್ಲಿ ಕಂಡಿತು. ಕೋಲ್ಕತ್ತ ಮತ್ತು ದೆಹಲಿಯ ಸಂತೆಗಳಲ್ಲಿ ಚಿಲ್ಲರೆ ಲೆಕ್ಕ ಬಾಯಲ್ಲೇ ಮಾಡುವ ಮಕ್ಕಳು ಶಾಲೆಯ ಲೆಕ್ಕದಲ್ಲಿ ಎಡವಿದರು, ಶಾಲೆಯ ಲೆಕ್ಕ ಬರುವವರು ಸಂತೆಯ ಲೆಕ್ಕದಲ್ಲಿ ಎಡವಿದರು. ಮಂಡಕ್ಕಿ ಗಾಡಿಯ ಹತ್ತಿರ ಅಪ್ಪನಿಗೆ ಚಿಲ್ಲರೆ ಎಣಿಸಿಕೊಡುವ ಹುಡುಗ ಸ್ಲೇಟಿನ ಮುಂದೆ ಮೂಕನಾಗುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ.

ದೆಹಲಿಯ ಚುಕ್ಕೆ ಕಾರ್ಡಿನಲ್ಲಿ ಇಲ್ಲದ್ದು ಪಿಟ್ಸ್‌ಬರ್ಗಿನ ಪಟ್ಟಿಯಲ್ಲಿ ಇದೆ: ಪ್ರತಿ ಮನೆಯಲ್ಲೂ ಬರೆದ ಅಂಕಿ, ಅದನ್ನು ಹೇಳುವ ಬಾಯಿ. ಆದ್ದರಿಂದ ನಮ್ಮ ಪಟ್ಟಿಯ ಕೆಳಗೆ ಒಂದು ಸ್ಲೇಟು ಇರಬೇಕು. ಕಾಯಿ ನಿಂತ ಮನೆಯ ಅಂಕಿಯನ್ನು ಮಗು ಬರೆಯುತ್ತದೆ, ಅಷ್ಟು ಕಡಲೆಕಾಯಿ ಎಣಿಸಿ ಪಕ್ಕಕ್ಕಿಡುತ್ತದೆ. ಆಟ ಮುಗಿದ ಮೇಲೆ ಪಟ್ಟಿ ಮಡಚಿಟ್ಟು ಖಾಲಿ ಗೆರೆ ಎಳೆದು, ‘ಏಳು ಎಲ್ಲಿ?’ ಎಂದು ಕೇಳಬೇಕು. ಮೊದಲು ಮಧ್ಯದಲ್ಲೆಲ್ಲೋ ಬೀಳುತ್ತಿದ್ದ ಗೀಟು ನಿಧಾನಕ್ಕೆ ಹತ್ತರ ಕಡೆ ಸರಿಯುವುದನ್ನು ನೋಡುವುದು ಈ ಕೆಲಸದಲ್ಲಿ ಸಿಗುವ ದೊಡ್ಡ ಸಂತೋಷಗಳಲ್ಲಿ ಒಂದು.

ಪಟ್ಟಿ ತರಗತಿಯಲ್ಲೇ ಉಳಿದರೆ ಅರ್ಧ ಕೆಲಸ. ಅಂತರ ಬೀಳುವುದು ಮನೆಯಲ್ಲಿ ಎಂಬಲ್ಲಿಂದಲೇ ಅಲ್ಲವೇ ಈ ಹುಡುಕಾಟ ಶುರುವಾದದ್ದು? ಪಾಲಕರ ಸಭೆಯಲ್ಲಿ ಭಾಷಣ ಮಾಡುವ ಬದಲು ಕತ್ತರಿ, ಅಂಟು, ಲಗ್ನಪತ್ರಿಕೆಗಳನ್ನು ಮುಂದಿಟ್ಟರೆ ತಾಯಂದಿರು ಮಾತಾಡುತ್ತಲೇ ಮಾಡಿ ಮುಗಿಸುತ್ತಾರೆ. ಅಜ್ಜಿಯರು ಬಂದರೆ ಇನ್ನೂ ಒಳ್ಳೆಯದು, ಬೀಜ ಉಜ್ಜುವುದು ಅವರಿಗೆ ಗೊತ್ತು. ಹರಿಹರದ ಒಬ್ಬ ಅಜ್ಜಿ ಮೊಮ್ಮಗಳ ಜೊತೆ ಅಲ್ಲೇ ನೆಲದ ಮೇಲೆ ಕೂತು ಚೌಕಾಬಾರದ ರೂಢಿಯಲ್ಲಿ ‘ಒಂದು, ಎರಡು’ ಎಂದು ಕಾಯಿ ನಡೆಸಿದರು. ಮೊಮ್ಮಗಳು ಅವರ ಕೈ ಹಿಡಿದಳು. ‘ಅಜ್ಜಿ, ಹಂಗಲ್ಲ. ನೀನು ಆರನೇ ಮನ್ಯಾಗ ಇದ್ದಿ. ಏಳು, ಎಂಟು ಅನ್ನು.’ ಅಜ್ಜಿ ಕಾಯಿಯನ್ನು ಆರಕ್ಕೆ ವಾಪಸ್ ತಂದು, ‘ಏಳು, ಎಂಟು’ ಎಂದು ಮತ್ತೆ ನಡೆಸಿದರು. ಹತ್ತು ಸಲೀಸಾದ ಮಕ್ಕಳಿಗೆ ಹನ್ನೊಂದರಿಂದ ಇಪ್ಪತ್ತರ ಪಟ್ಟಿ ಮಾಡಿ ಕೊಡುವಾಗ ಒಂದು ಮಾತು ಹೇಳಿ ಕಳಿಸುತ್ತೇನೆ. ಅದನ್ನು ಮೊದಲ ಪಟ್ಟಿಯ ಕೆಳಗೆ ಇಡಬೇಡಿ, ಅದೇ ಸಾಲಿನಲ್ಲಿ ಬಲಕ್ಕೆ ಜೋಡಿಸಿ, ನಡುಮನೆಯ ನೆಲದ ಉದ್ದಕ್ಕೆ.